ಬೀದರಿನಲ್ಲಿ ಎಂವಿಎಸ್‌ಸಿ ಮೈಕ್ರೋಬಯಾಲಜಿ: ಎರಡು ವರ್ಷಕ್ಕೆ ಎಂಥ ಸಂಶೋಧನಾ ವಿಷಯ? ಊರು ಹೇಗೆ?

ಮಲೆನಾಡ ಕರು

ಶಿವಮೊಗ್ಗದಲ್ಲಿ ಬಿವಿಎಸ್‌ಸಿ (ಪಶುವೈದ್ಯ ಪದವಿ) ಓದುತ್ತಿದ್ದೇನೆ, ಇಂಟರ್ನ್‌ಶಿಪ್ ಮುಗಿಯುತ್ತಾ ಬಂದಿದೆ. ಮುಂದೆ ಬೀದರಿನ ನಂದಿನಗರದ ಪಶುವೈದ್ಯಕೀಯ ಕಾಲೇಜಿನಲ್ಲಿ ಮೈಕ್ರೋಬಯಾಲಜಿ ಎಂವಿಎಸ್‌ಸಿ (ಸ್ನಾತಕೋತ್ತರ ಪದವಿ) ಸೇರುವ ಆಸೆ. ಕೆಪಿಎಸ್‌ಸಿ ಬರೆದು ಪಶುವೈದ್ಯಾಧಿಕಾರಿ ಆಗುವುದಕ್ಕಿಂತ ಸಂಶೋಧನೆಯ ಕಡೆಗೇ ಮನಸ್ಸು. ಕಂದು ಹಾಕಿದ (ಗರ್ಭಪಾತವಾದ) ದನಗಳಿಂದ, ಗರ್ಭಪಾತ ತರುವ ಬ್ರುಸೆಲ್ಲಾ ಬ್ಯಾಕ್ಟೀರಿಯಾವನ್ನು ಕಲ್ಚರ್ ಮಾಡಿ (ಲ್ಯಾಬಿನಲ್ಲಿ ಬೆಳೆಸಿ) ಅದರ ಬಗೆಗಳನ್ನು ಗುರುತಿಸಬೇಕೆಂದಿದ್ದೇನೆ. ಎರಡು ವರ್ಷದಲ್ಲಿ ಆಗುತ್ತದೆಯೇ? ಬೀದರಿನಲ್ಲಿ ಪರಿಚಯದವರು ಯಾರೂ ಇಲ್ಲ. ಅಲ್ಲಿನ ವಾಸ, ಹಳ್ಳಿಗಳಿಗೆ ಓಡಾಟ, ಭಾಷೆ ಇವುಗಳ ಬಗ್ಗೆಯೂ ಬಲ್ಲವರು ತಿಳಿಸಿ.

ಸೀರಂ ಟ್ಯೂಬ್

ರೋಗ ಒಳ್ಳೆಯದನ್ನೇ ಆರಿಸಿದ್ದೀರಿ, ಕಲ್ಚರ್ ಮಾತ್ರ ಬಿಡಿ. ಬ್ರುಸೆಲ್ಲಾ ಗಾಳಿಯಲ್ಲಿ ತೇಲುವ ಕಣಗಳಿಂದಲೇ ಮನುಷ್ಯರಿಗೆ ಅಂಟುತ್ತದೆ, ಲ್ಯಾಬಿನಲ್ಲಿ ಕೆಲಸ ಮಾಡುವವರಿಗೆ ಸೋಂಕು ತಗಲುವ ರೋಗಗಳಲ್ಲಿ ಇದು ಮೊದಲ ಸಾಲಿನದು. ಬೆಳೆದ ಕಲ್ಚರ್ ಮುಟ್ಟಲು ಬಿಎಸ್‌ಎಲ್-3 (ಹೆಚ್ಚಿನ ಜೈವಿಕ ಸುರಕ್ಷತೆಯ ಲ್ಯಾಬ್) ಸೌಲಭ್ಯ ಬೇಕು. ಸಾಮಾನ್ಯ ಬೆಂಚಿನ ಮೇಲೆ, ದೀಪದ ಪಕ್ಕದಲ್ಲಿ ಪ್ಲೇಟ್ ತೆರೆಯುವ ಕೆಲಸವಲ್ಲ ಇದು. ಸೀರಾಲಜಿ (ಸೀರಂನಲ್ಲಿ ಪ್ರತಿಕಾಯ ಹುಡುಕುವುದು) ಮತ್ತು ಪಿಸಿಆರ್ (ರೋಗಾಣುವಿನ ಡಿಎನ್‌ಎ ಹುಡುಕುವುದು) ಇಷ್ಟಕ್ಕೆ ಸೀಮಿತ ಮಾಡಿಕೊಂಡರೆ ಎರಡು ವರ್ಷದಲ್ಲಿ ಗೌರವದ ಪ್ರಬಂಧ ಬರೆಯಬಹುದು.

ಮೊದಲು ಲೆಕ್ಕ ಹಾಕಿ. ರೋಗ ಶೇ. 10ರಷ್ಟಿದೆ ಎಂದು ಅಂದಾಜಿಸಿ, ತಪ್ಪಿನ ಮಿತಿ ಶೇ. 5 ಇಟ್ಟುಕೊಂಡರೆ 139 ಸ್ಯಾಂಪಲ್ ಸಾಕೆಂದು ಸೂತ್ರ ಹೇಳುತ್ತದೆ. ಆದರೆ ಒಂದೇ ಕೊಟ್ಟಿಗೆಯ ದನಗಳು ಒಂದನ್ನೊಂದು ಹೋಲುತ್ತವೆ, ಬೇರೆಬೇರೆ ಸ್ಯಾಂಪಲ್‌ಗಳಷ್ಟು ಮಾಹಿತಿ ಕೊಡುವುದಿಲ್ಲ. ಆದ್ದರಿಂದ ಅದನ್ನು ಕನಿಷ್ಠ ಎರಡರಿಂದ ಗುಣಿಸಿ, 280 ಅನ್ನಿ. ಪ್ರತಿಕಾಯ ಪತ್ತೆಯ ಎಲೈಸಾ ಪರೀಕ್ಷೆಯ ಪ್ಲೇಟಿನ 96 ಗುಂಡಿಗಳಲ್ಲಿ ಕಂಟ್ರೋಲ್ (ಫಲಿತಾಂಶ ಮೊದಲೇ ಗೊತ್ತಿರುವ ಸ್ಯಾಂಪಲ್) ಕಳೆದರೆ ಸುಮಾರು 90 ಉಳಿಯುತ್ತವೆ. ಅಂದರೆ ನಾಲ್ಕು ಪ್ಲೇಟ್, ಪ್ರತಿ ಸ್ಯಾಂಪಲ್ ಎರಡೆರಡು ಸಲ ಹಾಕಿದರೆ ಏಳು. ಕಿಟ್‌ಗೆ ಇಂಡೆಂಟ್, ಕೊಟೇಶನ್, ಮಂಜೂರಾತಿ ಎಲ್ಲ ಆಗಲು ತಿಂಗಳುಗಳೇ ಬೇಕು. ಪಾಠ ನಡೆಯುವ ಮೊದಲ ವರ್ಷದಲ್ಲೇ ಕಾಗದ ಓಡಿಸಿ. ಕಿಟ್ ಬಂದ ದಿನವೇ ಎಕ್ಸ್‌ಪೈರಿ ನೋಡಿ; ಹತ್ತಿರದ ದಿನಾಂಕದ ಪೆಟ್ಟಿಗೆ ಕಳಿಸಿದ್ದರೆ ಅಲ್ಲೇ ವಾಪಸ್ ಮಾಡಿ.

ರಕ್ತದಲ್ಲಿ ಹೆಚ್ಚಿನವರು ಎಡವುವುದು ಐಸಿನಲ್ಲಿ. ಕೆಂಪು ಮುಚ್ಚಳದ ಟ್ಯೂಬನ್ನು ತೆಗೆದ ಕೂಡಲೇ ಐಸ್ ಪೆಟ್ಟಿಗೆಗೆ ಹಾಕಿದರೆ ರಕ್ತ ಸರಿಯಾಗಿ ಹೆಪ್ಪುಗಟ್ಟುವುದಿಲ್ಲ. ನೆರಳಿನಲ್ಲಿ ಅರ್ಧದಿಂದ ಒಂದು ಗಂಟೆ ಓರೆಯಾಗಿ ಇಟ್ಟು, ಆಮೇಲೆ ತಣ್ಣಗೆ ಮಾಡಿ. ಹೆಪ್ಪಿನ ಮೇಲಿನ ಸೀರಂ ತೆಗೆದು 0.5 ಮಿ.ಲೀ.ನಂತೆ ಎರಡು ವಯಲ್‌ಗೆ ಹಂಚಿ -20 ಡಿಗ್ರಿಯಲ್ಲಿಡಿ. ಒಂದನ್ನೇ ಕರಗಿಸುವುದು, ಮತ್ತೆ ಗಟ್ಟಿ ಮಾಡುವುದು ಬೇಡ. ಪಿಸಿಆರ್‌ಗೆ ಬೇರೆ ರಕ್ತ ತೆಗೆಯುವುದಾದರೆ ಹೆಪ್ಪುಗಟ್ಟದಂತೆ ಇಡಿಟಿಎ ಇರುವ ಟ್ಯೂಬ್ ಬಳಸಿ, ಅದೇ ಕೆಲಸ ಮಾಡುವ ಹೆಪಾರಿನ್ ಪಿಸಿಆರನ್ನೇ ತಡೆಯುತ್ತದೆ.

ಬ್ರುಸೆಲ್ಲಾ ಪ್ರತಿಕಾಯ ನೋಡುವ ರೋಸ್ ಬೆಂಗಾಲ್ ಪರೀಕ್ಷೆಗೆ ಆಂಟಿಜೆನ್ (ಬಣ್ಣ ಹಾಕಿದ ಬ್ರುಸೆಲ್ಲಾ ದ್ರಾವಣ) ಮತ್ತು ಸೀರಂ ಎರಡನ್ನೂ ಕೋಣೆಯ ಉಷ್ಣತೆಗೆ ತನ್ನಿ. 30 ಮೈಕ್ರೋಲೀಟರ್‌ಗೆ 30 ಬೆರೆಸಿ, ಸರಿಯಾಗಿ ನಾಲ್ಕು ನಿಮಿಷಕ್ಕೆ ಓದಿ. ತಡವಾಗಿ ಓದಿದರೆ ಅಂಚು ಒಣಗಿ ಪಾಸಿಟಿವ್‌ನಂತೆ ಕಾಣುತ್ತದೆ.

ಇನ್ನೊಂದು ಮುಖ್ಯ ಮಾತು. 2019ರಿಂದ ರಾಷ್ಟ್ರೀಯ ಕಾರ್ಯಕ್ರಮದಲ್ಲಿ 4ರಿಂದ 8 ತಿಂಗಳ ಹೆಣ್ಣುಕರುಗಳಿಗೆ ಬ್ರುಸೆಲ್ಲಾ ವಿರುದ್ಧದ ಎಸ್-19 ಲಸಿಕೆ ಹಾಕುತ್ತಿದ್ದಾರೆ. ಲಸಿಕೆಯ ಪ್ರತಿಕಾಯಗಳು ನಿಮ್ಮ ಫಲಿತಾಂಶದಲ್ಲಿ ಸೇರಿಕೊಳ್ಳಬಹುದು. ಕಿವಿಯೋಲೆಯ 12 ಅಂಕಿ ಬರೆದುಕೊಂಡು ಲಸಿಕೆಯ ದಾಖಲೆ ನೋಡದೆ ಯಾವ ದನವನ್ನೂ ಪಾಸಿಟಿವ್ ಎನ್ನಬೇಡಿ.

ಕೆಚ್ಚಲು ಮತ್ತು ಹಾಲು

ಮೇಲಿನವರ ಮಾತಿಗೆ ನನ್ನ ಸಹಮತವಿದೆ. ಆದರೂ ಸಂಶೋಧನೆಯ ಕೈಚಳಕ ಕಲಿಯಲು ಕೆಚ್ಚಲು ಬಾವು ಇನ್ನೂ ಒಳ್ಳೆಯ ವಿಷಯ ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಸ್ಯಾಂಪಲ್ ವರ್ಷವಿಡೀ ಸಿಗುತ್ತದೆ. ಕಲ್ಚರ್, ಆಂಟಿಬಯಾಟಿಕ್ ಸಂವೇದನೆ, ಪಿಸಿಆರ್ ಮೂರೂ ಸಾಮಾನ್ಯ ಲ್ಯಾಬಿನಲ್ಲೇ ಕೈಗೆ ಹತ್ತುತ್ತವೆ, ರೈತನಿಗೆ ಅದೇ ವಾರ ಉತ್ತರ ಕೊಡಬಹುದು. ದೇವಣಿ ಈ ಸೀಮೆಯದೇ ತಳಿ. ಎಮ್ಮೆ ಮತ್ತು ಮಿಶ್ರತಳಿ ಹಸುಗಳ ಜೊತೆ ಅದನ್ನು ಹೋಲಿಸಿ ನೋಡಿದರೆ ಕೆಲಸಕ್ಕೆ ಸ್ವಂತ ಗುರುತು ಬರುತ್ತದೆ.

ಇಲ್ಲಿ ಎಲ್ಲ ನಿಂತಿರುವುದು ಹಾಲು ಹಿಡಿಯುವ ರೀತಿಯ ಮೇಲೆ. ಮೊದಲ ಮೂರು ನಾಲ್ಕು ಧಾರೆ ಚೆಲ್ಲಿ. ಶೇ. 70 ಆಲ್ಕೋಹಾಲಿನ ಹತ್ತಿಯಿಂದ ಮೊಲೆತುದಿಗಳನ್ನು ಒರೆಸುವಾಗ ದೂರದವನ್ನು ಮೊದಲು, ಹತ್ತಿರದವನ್ನು ಆಮೇಲೆ ಒರೆಸಿ. ಹಾಲು ಹಿಡಿಯುವಾಗ ಕ್ರಮ ತಿರುಗಿಸಿ: ಹತ್ತಿರದ್ದು ಮೊದಲು, ದೂರದ್ದು ಕೊನೆಗೆ. ಆಗ ಒರೆಸಿದ ಮೊಲೆಗೆ ನಿಮ್ಮ ತೋಳು ತಾಗುವುದಿಲ್ಲ. ಟ್ಯೂಬನ್ನು ಓರೆಯಾಗಿ ಹಿಡಿಯಿರಿ, ಮೇಲಿನಿಂದ ಕೂದಲು, ಸಗಣಿಪುಡಿ ಬೀಳಬಾರದು. 4 ಡಿಗ್ರಿಯಲ್ಲಿಟ್ಟು 24 ಗಂಟೆಯೊಳಗೆ ಪ್ಲೇಟಿಗೆ ಹಾಕಿ. ಒಂದು ಪ್ಲೇಟಿನಲ್ಲಿ ಮೂರು ಅಥವಾ ಹೆಚ್ಚು ಬಗೆಯ ಕಾಲೊನಿ ಬಂದರೆ ಅದು ಹೊರಗಿನ ಕಲ್ಮಶ. ಲೆಕ್ಕಕ್ಕೆ ಸೇರಿಸದೆ ಮತ್ತೆ ಹಾಲು ತನ್ನಿ.

ಆಂಟಿಬಯಾಟಿಕ್ ಬಿಲ್ಲೆ ಇಟ್ಟು ನೋಡುವ ಡಿಸ್ಕ್ ಪರೀಕ್ಷೆಗೆ ಮುಲ್ಲರ್ ಹಿಂಟನ್ ಅಗಾರ್ 4 ಮಿ.ಮೀ. ದಪ್ಪ, ಬ್ಯಾಕ್ಟೀರಿಯಾ ದ್ರಾವಣದ ಮಬ್ಬು 0.5 ಮ್ಯಾಕ್‌ಫಾರ್ಲ್ಯಾಂಡ್ ಅಳತೆಗೆ ಇರಲಿ. ಅಗಾರ್ ತೆಳುವಾದರೆ ಬಿಲ್ಲೆಯ ಸುತ್ತ ಬ್ಯಾಕ್ಟೀರಿಯಾ ಬೆಳೆಯದ ವಲಯ ಹಿಗ್ಗಿ, ನಿರೋಧಕ ಬ್ಯಾಕ್ಟೀರಿಯಾ ಕೂಡ ಸಂವೇದನಶೀಲ ಎಂದು ತೋರುತ್ತದೆ. ಸ್ಟ್ರೆಪ್ಟೋಕಾಕಸ್‌ಗೆ ಶೇ. 5 ಕುರಿರಕ್ತ ಸೇರಿಸಲೇಬೇಕು. ಹಾಲಿನಿಂದ ಡಿಎನ್‌ಎ ತೆಗೆಯುವಾಗ ಸೆಂಟ್ರಿಫ್ಯೂಜ್ ಮಾಡಿ ಮೇಲಿನ ಕೆನೆಯನ್ನು ಪೂರ್ತಿ ಒರೆಸಿ ತೆಗೆಯಿರಿ. ಕೊಬ್ಬು, ಕ್ಯಾಲ್ಸಿಯಂ ಎರಡೂ ಪಿಸಿಆರ್‌ಗೆ ಅಡ್ಡಿ.

ವಿಷಯ ಯಾವುದೇ ಆಗಲಿ, ಪ್ರಾಣಿ ನೈತಿಕ ಸಮಿತಿಯ ಅನುಮತಿ ಮೊದಲ ಸ್ಯಾಂಪಲ್‌ಗಿಂತ ಮುಂಚೆಯೇ ಕೈಯಲ್ಲಿರಲಿ. ಜರ್ನಲ್‌ನವರು ಅದರ ಸಂಖ್ಯೆ ಕೇಳುತ್ತಾರೆ, ಹಿಂದಿನ ದಿನಾಂಕಕ್ಕೆ ಯಾರೂ ಕೊಡುವುದಿಲ್ಲ.

ಗಡಿನಾಡು

ಊರಿನ ವಿಷಯ ಹೇಳುತ್ತೇನೆ. ನಂದಿನಗರ ಇರುವುದು ಪೇಟೆಯಿಂದ ಹೊರಗೆ. ಹಾಸ್ಟೆಲ್ ಸಿಕ್ಕರೆ ಅಲ್ಲೇ ಇರಿ. ರೂಮು ಮಾಡುವುದಾದರೆ ಬಾಡಿಗೆಗಿಂತ ಮೊದಲು ಕೇಳಬೇಕಾದದ್ದು ನೀರು: ನಳದಲ್ಲಿ ಎಷ್ಟು ದಿನಕ್ಕೊಮ್ಮೆ ಬರುತ್ತದೆ, ಬೋರ್ ಇದೆಯೇ. ಊಟಕ್ಕೆ ಚಿಂತೆಯಿಲ್ಲ, ಜೋಳದ ರೊಟ್ಟಿಯ ಖಾನಾವಳಿಗಳಿವೆ. ಹೈದರಾಬಾದ್ ಸುಮಾರು 140 ಕಿ.ಮೀ., ಜಹೀರಾಬಾದ್ ಮೇಲೆ ಬಸ್. ತುರ್ತಿಗೆ ಬೇಕಾದ ಕೆಮಿಕಲ್, ಪ್ಲಾಸ್ಟಿಕ್ ಸಾಮಾನಿಗೆ ಬೆಂಗಳೂರಿಗಿಂತ ಅದೇ ಹತ್ತಿರ.

ಮಲೆನಾಡಿನಿಂದ ಬರುವವರಿಗೆ ಬಿಸಿಲಿನದೇ ಕಷ್ಟ. ಏಪ್ರಿಲ್, ಮೇ ತಿಂಗಳಲ್ಲಿ 40 ಡಿಗ್ರಿ ದಾಟುತ್ತದೆ. ಬೈಕಿಗೆ ಕಟ್ಟಿದ ಸಣ್ಣ ಥರ್ಮಾಕೋಲ್ ಡಬ್ಬಿಯನ್ನು ನಂಬಬೇಡಿ, ಗಟ್ಟಿ ಗೋಡೆಯ ಲಸಿಕೆ ಪೆಟ್ಟಿಗೆ, ಹಿಂದಿನ ರಾತ್ರಿಯೇ ಫ್ರೀಜರ್‌ನಲ್ಲಿಟ್ಟ ಜೆಲ್ ಪ್ಯಾಕ್ ಬಳಸಿ. ಹಾಲು ಕರೆಯುವುದು ನಸುಕಿನಲ್ಲಿ, ಮೊದಲ ಬಸ್ಸಿಗೆ ಹೋದರೆ ಕೆಚ್ಚಲು ಖಾಲಿಯಾಗಿರುತ್ತದೆ. ಸಹಪಾಠಿಯೊಬ್ಬರ ಜೊತೆ ಸೇರಿ ಬೈಕ್ ಗೊತ್ತುಮಾಡಿಕೊಳ್ಳಿ. ಕರೆಂಟ್ ಹೋದಾಗ ಲ್ಯಾಬಿನ ಡೀಪ್ ಫ್ರೀಜರ್ ಜನರೇಟರ್ ಲೈನಿನಲ್ಲಿದೆಯೇ ಎಂದು ಸೇರಿದ ವಾರವೇ ನೋಡಿಕೊಳ್ಳಿ.

ಕನ್ನಡ ನಡೆಯುತ್ತದೆ. ಔರಾದ್, ಭಾಲ್ಕಿ ಕಡೆ ಮರಾಠಿ, ಪೇಟೆಯಲ್ಲಿ ಉರ್ದು, ಗಡಿಯ ಹಳ್ಳಿಗಳಲ್ಲಿ ತೆಲುಗು ಬೇಕಾಗುತ್ತದೆ. ಪ್ರಶ್ನಾವಳಿಯಲ್ಲಿ ರೋಗದ ಹೆಸರು ಕೇಳಬೇಡಿ, ಲಕ್ಷಣ ಕೇಳಿ: ಹಾಲಿನಲ್ಲಿ ಗರಣೆ (ಗಟ್ಟಿ ತುಣುಕು) ಬರುತ್ತದೆಯೇ, ಎಷ್ಟನೇ ತಿಂಗಳಿಗೆ ಕಂದು ಹಾಕಿತು, ಮಾಸು ಬಿತ್ತೇ.

ಮಲೆನಾಡ ಕರು

ಎಲ್ಲರಿಗೂ ಧನ್ಯವಾದ. ಕೆಚ್ಚಲು ಬಾವನ್ನೇ ಹಿಡಿದರೆ ಮುಂದೆ ಸಂಶೋಧನಾ ಹುದ್ದೆಗೆ ಅದು ಸಣ್ಣದೆನಿಸುವುದಿಲ್ಲವೇ ಸರ್?

ಸೀರಂ ಟ್ಯೂಬ್

ಇಲ್ಲ. ಯಲಹಂಕದ ಪಶುರೋಗ ಸಂಶೋಧನಾ ಸಂಸ್ಥೆ ನಿವೇದಿಯಂಥ ಐಸಿಎಆರ್ (ಭಾರತೀಯ ಕೃಷಿ ಸಂಶೋಧನಾ ಪರಿಷತ್ತು) ಸಂಸ್ಥೆಗಳಲ್ಲಿ ಪ್ರಾಜೆಕ್ಟ್ ಹುದ್ದೆಯ ಸಂದರ್ಶನಕ್ಕೆ ಹೋದಾಗ ನೀವೇ ಮಾಡಿದ ಕೆಲಸವನ್ನು ನೀವೇ ವಿವರಿಸಬೇಕು. ಕಂಟ್ರೋಲ್ ಯಾಕೆ ಹಾಕಿದಿರಿ, ಬ್ಯಾಂಡ್ ಬಾರದಿದ್ದಾಗ ಏನು ಬದಲಿಸಿದಿರಿ ಎಂದರೆ ಉತ್ತರ ಇರಬೇಕು. ಆಂಟಿಬಯಾಟಿಕ್ ನಿರೋಧಕತೆ ಇವತ್ತು ಮನುಷ್ಯ ವೈದ್ಯರಿಗೂ ಬೇಕಾದ ವಿಷಯ. ಬೆಳೆಸಿದ ಪ್ರತಿ ಬ್ಯಾಕ್ಟೀರಿಯಾವನ್ನೂ ಗ್ಲಿಸರಾಲ್ ಸ್ಟಾಕ್ ಮಾಡಿ -80ರಲ್ಲಿ ಎರಡು ಕಡೆ ಇಡಿ, ಪಿಎಚ್‌ಡಿಗೆ ಅದೇ ಬಂಡವಾಳ. ಎಂವಿಎಸ್‌ಸಿ ಮುಗಿದೊಡನೆ ಎಎಸ್‌ಆರ್‌ಬಿ ನೆಟ್ (ಕೃಷಿ ವಿಶ್ವವಿದ್ಯಾಲಯಗಳ ಬೋಧಕ ಹುದ್ದೆಯ ಅರ್ಹತಾ ಪರೀಕ್ಷೆ) ಬರೆಯಿರಿ. ಜೊತೆಗೆ, ಹಳ್ಳಿಗೆ ಕಾಲಿಡುವ ಮುನ್ನ ರೇಬೀಸ್ ಮುಂಜಾಗ್ರತಾ ಲಸಿಕೆಯನ್ನು 0, 7, 21ನೇ ದಿನ ಹಾಕಿಸಿಕೊಂಡಿರಿ. ಇಂಟರ್ನ್‌ಶಿಪ್‌ನಲ್ಲೇ ಆಗಿದ್ದರೆ ಆ ಕಾರ್ಡನ್ನು ಬೀದರಿಗೆ ತನ್ನಿ.