ಜೈಸಲ್ಮೇರ್‌ನ ಮರಳು, ಗಿಡ, ಬೆಳಕು: ಹೋಗಿ ಬಂದವರು ಹೇಳಿ

ಜೇವರ್ಗಿ ಕ್ರಾಸ್: ಡಿಸೆಂಬರ್ ಕೊನೆಗೆ ಮನೆಯವರ ಜೊತೆ ಜೈಸಲ್ಮೇರ್‌ಗೆ ಹೊರಟಿದ್ದೇನೆ. ಕೋಟೆ, ಒಂಟೆ ಫೋಟೊ ಎಲ್ಲರೂ ತೆಗೆದಿದ್ದಾರೆ. ನನಗೆ ಮರಳಿನ ಗೆರೆ, ಗಿಡಗಂಟಿ, ಬೆಳಕು ಇಷ್ಟೇ ಸಾಕು. 18-55, 55-250 ಎರಡು ಲೆನ್ಸ್ ಇವೆ. ತೀರಾ ಹತ್ತಿರದಿಂದ ತೆಗೆಯೋ ಮ್ಯಾಕ್ರೋ ಲೆನ್ಸ್ ಬಾಡಿಗೆಗೆ ತಗೊಳ್ಳಲಾ?

ಆಳಂದ ರೋಡ್: ಮ್ಯಾಕ್ರೋ ಬದಿಗಿಡಿ. ನನ್ನ 18-55ರ ಝೂಮ್ ರಿಂಗ್ ತಿರುಗಿಸಿದರೆ ಇವತ್ತಿಗೂ ಕರಕರ ಅನ್ನುತ್ತದೆ. ಜೈಸಲ್ಮೇರ್ ಹತ್ತಿರದ ಸ್ಯಾಮ್ ಮರಳುದಿಬ್ಬದಲ್ಲಿ ಮಧ್ಯಾಹ್ನ ಗಾಳಿ ಎದ್ದಿತ್ತು. ಲೆನ್ಸ್ ಬಿಚ್ಚಲೇ ಇಲ್ಲ, ಆದರೂ ಮರಳು ಒಳಗೆ ಹೋಗಿದೆ. ಝೂಮ್ ಮಾಡಿದಾಗ ಲೆನ್ಸ್ ಉದ್ದ ಆಗಿ ಗಾಳಿ ಒಳಗೆಳೆಯುತ್ತದೆ, ಅದರ ಜೊತೆ ಧೂಳು. ಹೈದರಾಬಾದಿಗೆ ರಿಪೇರಿಗೆ ಕಳಿಸಿದೆ. ಬಿಚ್ಚಿ ನೋಡೋಕೆ 600, ಕ್ಲೀನಿಂಗ್‌ಗೆ 2,800, ಕೊರಿಯರ್ ಹೋಗಿ ಬರೋಕೆ 540. ತಿಂಗಳಾದ ಮೇಲೆ ವಾಪಸ್ ಬಂತು, ಕರಕರ ಹಾಗೇ ಇದೆ. ಫೋನ್ ಮಾಡಿದರೆ 'ಅದು ಮೊದಲೇ ಇತ್ತು ಸರ್' ಅಂತಾರೆ. ಅದೇ ದುಡ್ಡಿಗೆ ಸೆಕೆಂಡ್ ಹ್ಯಾಂಡ್ ಲೆನ್ಸೇ ಬರ್ತಿತ್ತು! ಒಂಟೆಯವನಿಗೆ ಕೊಟ್ಟ 800 ಬೇರೆ. ಅದರ ಮೇಲೆ ಕೂತು ತೆಗೆದ ಒಂದು ಫೋಟೊನೂ ನೆಟ್ಟಗಿಲ್ಲ.

ಕೆಂಪುಕಲ್ಲು ಬೀದರ್: ಡಿಸೆಂಬರ್‌ನಲ್ಲಿ ಗಿಡದ ಫೋಟೊನಾ? ನಾನು ಖೇಜ್ರಿ ಮರಕ್ಕೋಸ್ಕರವೇ ಜನವರಿಯಲ್ಲಿ ಹೋಗಿದ್ದೆ. ಅದು ನಮ್ಮ ಬನ್ನಿಯೇ. ನೋಡಿದರೆ ಮುಕ್ಕಾಲು ಮರ ಬೋಳು! ಚಳಿಗಾಲದಲ್ಲಿ ಆಡು, ಒಂಟೆ ಮೇವಿಗೆ ರೆಂಬೆ ಸವರಿಬಿಡುತ್ತಾರೆ. ಜೀಪಿನವನು 3,200 ಎಣಿಸಿಕೊಳ್ಳುವಾಗ ಇದನ್ನೊಂದು ಹೇಳಬಾರದಾ? ಮೊದಲ ದಿನ ಸಿಟ್ಟಲ್ಲಿ ಕ್ಯಾಮೆರಾನೇ ತೆಗೆಯಲಿಲ್ಲ. ಆದರೆ ಸಂಜೆ ಬಿಸಿಲು ಅಡ್ಡ ಬಿದ್ದಾಗ ಆ ಮೋಟು ಕಾಂಡದ ತೊಗಟೆ ನೋಡಬೇಕಿತ್ತು. ಒಂದೊಂದು ಬಿರುಕಿನಲ್ಲೂ ನೆರಳು, ಕಡಿದ ಗಂಟಿನ ಸುತ್ತ ಸುಕ್ಕು. ಎಲೆ ಇದ್ದಿದ್ದರೆ ಅದು ಕಾಣುತ್ತಲೇ ಇರಲಿಲ್ಲ. ಆ ಪ್ರಿಂಟ್ ನಮ್ಮ ಮನೆಯ ಹಾಲ್‌ನಲ್ಲಿದೆ, ಫ್ರೇಮಿಗೇ 1,900 ಆಯ್ತು. ಅಲ್ಲಿನ ರೋಹಿಡಾ ಮರದ ಕೇಸರಿ ಹೂವು ಬೇಕಂದ್ರೆ ಮಾತ್ರ ಫೆಬ್ರವರಿ ಮುಗಿಯುವ ಹೊತ್ತಿಗೆ ಹೋಗಬೇಕು.

ಹುಮನಾಬಾದ್ ಮಂದಿ: ಖೇಜ್ರಿ ಹೆಂಗೆ ಬನ್ನಿ ಆಗುತ್ತೆ ಅಕ್ಕಾ? ದಸರೆಗೆ ನಾವು ಕೈಗೆ ಕೊಡೋ ಎಲೆ ಎರಡು ಹೋಳು ಕೂಡಿದ ಹಾಗಿರುತ್ತೆ.

ಕೆಂಪುಕಲ್ಲು ಬೀದರ್: ಅದು ಆಪ್ಟಾ ರೀ, ಬಸವನಪಾದದ ಜಾತಿ. ಮಹಾರಾಷ್ಟ್ರದ ಕಡೆಯವರು ಹಂಚೋದು ಅದನ್ನೇ. ಬನ್ನಿ ಎಲೆ ಸಣ್ಣ ಸಣ್ಣದು, ರೆಂಬೆಗೆ ಮುಳ್ಳು. 1730ರಲ್ಲಿ ಜೋಧಪುರದ ಹತ್ತಿರ ಖೇಜಡ್ಲಿಯಲ್ಲಿ ಬಿಷ್ಣೋಯಿ ಪಂಥದ 363 ಜನ ಜೀವ ಕೊಟ್ಟಿದ್ದು ಈ ಮರ ಉಳಿಸೋಕೆ.

ಹುಮನಾಬಾದ್ ಮಂದಿ: ನಮ್ಮಜ್ಜ ಅದನ್ನೇ ಬನ್ನಿ ಅಂತ ಕೊಡ್ತಿದ್ದ. ಅಜ್ಜನಿಗಿಂತ ನಿಮಗೆ ಜಾಸ್ತಿ ಗೊತ್ತಾ?

ಶಹಾಪುರ ಬೆಟ್ಟ: ಬನ್ನಿ ಜಗಳ ದಸರೆಗೆ ಇಟ್ಕೊಳ್ಳಿ. ಇಲ್ಲಿ ಬೆಳಕಿನ ಬಗ್ಗೆ ಯಾರೂ ಮಾತೇ ಆಡಲಿಲ್ಲ. ಜೈಸಲ್ಮೇರ್ ನಮಗಿಂತ ಸುಮಾರು 6 ಡಿಗ್ರಿ ಪಶ್ಚಿಮಕ್ಕಿದೆ. ಅದಕ್ಕೇ ಸೂರ್ಯ ಹುಟ್ಟೋದು 24 ನಿಮಿಷ ತಡ. ಉತ್ತರದ ಊರು, ಚಳಿಗಾಲ, ಹಾಗಾಗಿ ಇನ್ನೂ ತಡ. ನಾನು ಅಲ್ಲೇ ಹತ್ತಿರದ ಖುರಿ ಅನ್ನೋ ಹಳ್ಳಿಯಲ್ಲಿದ್ದೆ. ರಾತ್ರಿಗೆ 4,500 ಕಿತ್ತುಕೊಂಡ ಕ್ಯಾಂಪಿನಲ್ಲಿ ಹನ್ನೆರಡರವರೆಗೆ ಡಿಜೆ, ನಿದ್ದೆ ಇಲ್ಲ, ಬಿಸಿನೀರಿಗೆ ಬಕೆಟ್‌ಗೆ 50. ಆದರೂ ಕತ್ತಲಲ್ಲೇ ಹೊರಟೆ. ರಾತ್ರಿ ಗಾಳಿ ಹಿಂದಿನ ದಿನದ ಹೆಜ್ಜೆಗಳನ್ನೆಲ್ಲ ಅಳಿಸಿತ್ತು. ಬಿಸಿಲು ನೆಲಕ್ಕೆ ತಾಗಿ ಬರೋವಾಗ ಮಾತ್ರ ಮರಳಿನ ಗೆರೆಗೆ ನೆರಳಿರುತ್ತೆ. ಒಂದು ತಾಸಿಗೆ ಎಲ್ಲಾ ಸಪಾಟು. ಒಂದು ಒಣಹುಲ್ಲಿನ ಎಸಳು ಗಾಳಿಗೆ ಬಾಗಿ ಬಾಗಿ, ತುದಿಯಿಂದ ಬುಡದ ಸುತ್ತ ಅರ್ಧ ವೃತ್ತ ಗೀಚಿತ್ತು. ಅದಕ್ಕೆ 55-250 ಸಾಕಾಯ್ತು. ಎಕ್ಕದ ಎಲೆ ಮೇಲಿನ ಬಿಳಿ ಪುಡಿಯೂ ಅದರಲ್ಲೇ ಬಂದಿದೆ, ಬೆಳಕಿಗೆ ಎದುರಾಗಿ ನಿಂತಿದ್ದೆ. ಕ್ಯಾಮೆರಾದ ಬೆಳಕಿನ ಮೀಟರ್ ನಂಬಿದರೆ ಮರಳು ಬೂದಿ ಬಣ್ಣ ಆಗುತ್ತೆ, ಒಂದು ಸ್ಟಾಪ್, ಅಂದ್ರೆ ಬೆಳಕು ಎರಡರಷ್ಟಾಗೋ ಹಾಗೆ, ಏರಿಸಿ. ಬಣ್ಣ ಹೊಂದಿಸೋ ವೈಟ್ ಬ್ಯಾಲೆನ್ಸ್ ಡೇಲೈಟ್‌ಗೆ ಇಡಿ, ಆಟೋ ಆ ಹಳದಿಯನ್ನೇ ತಿಂದುಬಿಡುತ್ತೆ. ಆಳಂದ ರೋಡ್ ಅಣ್ಣನವರು ಹೋದ ವರ್ಷ 'ಮರುಭೂಮಿಯ ಗಿಡ' ಅಂತ ಹಾಕಿದ್ದು ಬಳ್ಳಾರಿ ಜಾಲಿ. ಅದು ಅಮೆರಿಕ ಕಡೆಯಿಂದ ಬಂದದ್ದು, ನಮ್ಮ ಹೊಲದ ಬದುವಿನಲ್ಲೂ ಬೇಕಾದಷ್ಟಿದೆ.

ಆಳಂದ ರೋಡ್: ಜಾಲಿ ಅಂತ ನನಗೂ ಗೊತ್ತು. ಮರುಭೂಮಿಯಲ್ಲಿ ಬೆಳೆದಿತ್ತು, ಮರುಭೂಮಿ ಗಿಡ ಅಂದೆ. ನಿಮ್ಮ ಫೋಟೊದಲ್ಲಿ ಹಳದಿ ಎಷ್ಟು ಎಳೆದಿದ್ದೀರಿ ಅಂತ ನಾನು ಕೇಳಿದ್ನಾ?

ಶಹಾಪುರ ಬೆಟ್ಟ: ಎಡಿಟ್ ಮಾಡದ ರಾ ಫೈಲ್ ಕಳಿಸ್ತೀನಿ, ನೋಡ್ಕೊಳ್ಳಿ. ನೀವು ತೆಗೆಯೋದು ಕ್ಯಾಮೆರಾನೇ ಬಣ್ಣ ಹೊಂದಿಸಿ ಕೊಡೋ ಜೆಪೆಗ್, ಅದಕ್ಕೇ ಎಲ್ಲಾ ಎಡಿಟಿಂಗ್ ಅನ್ಸುತ್ತೆ.

ಹುಮನಾಬಾದ್ ಮಂದಿ: ಆಳಂದ ರೋಡ್ ಅಣ್ಣಾ, ಸುಮ್ನೆ ಒಂದು ಫಿಲ್ಟರ್ ಹಾಕಿದ್ರೆ ಮರಳು ಹೋಗ್ತಿರಲಿಲ್ಲ ಅಲ್ವಾ?

ಆಳಂದ ರೋಡ್: ಫಿಲ್ಟರ್ ಇರೋದು ಮುಂದಿನ ಗಾಜಿಗೆ ತಮ್ಮಾ, ರಿಂಗಿನ ಸಂದಿಗಲ್ಲ. ಅದಕ್ಕೂ 650 ಕೊಟ್ಟಿದ್ದೆ. ಈಗ ಅದೂ ಸಿಕ್ಕಿಹಾಕಿಕೊಂಡು ಬಿಚ್ಚೋಕೆ ಬರ್ತಿಲ್ಲ.