ರಾತ್ರಿ ಅಂಗಡಿ ಮುಚ್ಚೋವಾಗ ಜೊತೇಲಿ ಇಟ್ಕೊಳ್ಳೋಕೆ ಸಣ್ಣ ಪಿಸ್ತೂಲು, ಯಾವುದು ತಗೊಳ್ಳಲಿ? (ಟೆಕ್ಸಸ್)

ಕೇಟಿ_ಅಂಗಡಿ:
ಎಲ್ರಿಗೂ ನಮಸ್ಕಾರ. ಹ್ಯೂಸ್ಟನ್ ಹತ್ರ ಕೇಟಿ ಕಡೆ ನಮ್ಮದೊಂದು ಸಣ್ಣ ಇಂಡಿಯನ್ ಗ್ರೋಸರಿ ಇದೆ. ವಾರದಲ್ಲಿ ಮೂರ್ನಾಲ್ಕು ರಾತ್ರಿ ನಾನೊಬ್ಳೇ ಶಟರ್ ಎಳೆದು ಕ್ಯಾಶ್ ತಗೊಂಡು ಕಾರಿಗೆ ಹೋಗ್ಬೇಕು, ಹಿಂದುಗಡೆ ಪಾರ್ಕಿಂಗಲ್ಲಿ ಲೈಟೂ ಸರಿ ಇಲ್ಲ, ಪಕ್ಕದ ಅಂಗಡಿಯವರ ಹತ್ರ ಮೊನ್ನೆ ಗನ್ ತೋರ್ಸಿ ದುಡ್ಡು ಕಿತ್ಕೊಂಡು ಹೋಗಿದಾರೆ, ಅವತ್ತಿಂದ ನಿದ್ದೇನೇ ಸರಿ ಬರ್ತಿಲ್ಲ. ನಮಗಿಬ್ರಿಗೂ ಗ್ರೀನ್ ಕಾರ್ಡ್ ಇದೆ. ಗನ್ ಅಂಗಡಿಗೆ ಹೋಗಿ ಕೇಳಿದ್ರೆ ಅಲ್ಲಿದ್ದೋರು ಅಂಗೈಯಲ್ಲಿ ಮುಚ್ಚಿಟ್ಕೊಳ್ಳೋಷ್ಟು ಚಿಕ್ಕ ರೂಗರ್ ಎಲ್‌ಸಿಪಿ ಮ್ಯಾಕ್ಸ್ ತೋರ್ಸಿ ಲೇಡೀಸ್‌ಗೆ ಇದೇ ಬೆಸ್ಟ್ ಅಂದ್ರು. ನನ್ನ ಕೈ ಚಿಕ್ಕದು, ಬೆರಳಲ್ಲಿ ಅಷ್ಟು ಬಲ ಇಲ್ಲ, ಅಂಗಡೀಲಿ ಚೂಡಿದಾರ್ ಹಾಕ್ಕೊಂಡಿರ್ತೀನಿ. ಮನೇಲಿ ಆರು ಮತ್ತೆ ಒಂಬತ್ತು ವರ್ಷದ ಮಕ್ಕಳು. ಬಜೆಟ್ 500 ಡಾಲರ್ ಆಸುಪಾಸು. ಗೊತ್ತಿರೋರು ದಯವಿಟ್ಟು ಹೇಳಿ.

ಲೋನ್‌ಸ್ಟಾರ್_ಮಂಡ್ಯ:
ತಂಗಿ, ಗನ್ ವಿಷಯಕ್ಕೆ ಆಮೇಲೆ ಬರ್ತೀನಿ. ಮೊದಲು ಆ ಪಾರ್ಕಿಂಗ್ ಲೈಟ್ ಬಗ್ಗೆ ಕಟ್ಟಡದ ಓನರ್‌ಗೆ ಈಮೇಲ್‌ನಲ್ಲೇ ಬರೀರಿ, ಬಾಯಲ್ಲಿ ಹೇಳಿದ್ರೆ ಅದಕ್ಕೆ ದಾಖಲೆ ಇರಲ್ಲ. ಕ್ಯಾಶ್ ರಾತ್ರಿ ಹೊತ್ತು ಹೊರಗೆ ತಗೊಂಡು ಹೋಗ್ಲೇಬೇಡಿ, ಟೈಮ್ ಲಾಕ್ ಇರೋ ಡ್ರಾಪ್ ಸೇಫ್ (ಸಂದಿಯಿಂದ ದುಡ್ಡು ಒಳಗೆ ಹಾಕೋ ತಿಜೋರಿ) ಹಾಕ್ಸಿ ಹಗಲಲ್ಲಿ ಬ್ಯಾಂಕಿಗೆ ಕಟ್ಟಿ. ಯಾರಾದ್ರೂ ದುಡ್ಡು ಕೇಳಿದ್ರೆ ಕೊಟ್ಬಿಡಿ. ಗನ್ ಇರೋದು ನಿಮ್ಮ ಜೀವ ಉಳಿಸ್ಕೊಳ್ಳೋದಕ್ಕೆ, ಗಲ್ಲಾಪೆಟ್ಟಿಗೆ ಕಾಯೋದಕ್ಕಲ್ಲ, ಇದು ಮನಸ್ಸಲ್ಲಿ ಗಟ್ಟಿಯಾಗಿ ಕೂತ್ಮೇಲೇ ಮುಂದಿನ ಮಾತು.

ಈಗ ಆ ಎಲ್‌ಸಿಪಿ ಮ್ಯಾಕ್ಸ್. ಗನ್ ಒಳ್ಳೇದೇ, ಆದ್ರೆ ಹೊಸಬರ ಕೈಗೆ ಮೊದಲನೇ ಗನ್ ಆಗಿ ಅದನ್ನ ಕೊಡೋದು ನನ್ನ ಪ್ರಕಾರ ತಪ್ಪು. ಸುಮಾರು 300 ಗ್ರಾಂ ತೂಕ, .380 ಗುಂಡು. ತೂಕ ಕಮ್ಮಿ ಇದ್ದಷ್ಟೂ ಒದೆತ ಕೈಗೇ ಬರುತ್ತೆ, ಹಿಡಿ ಚಿಕ್ಕದಾದಷ್ಟೂ ಕಿರುಬೆರಳಿಗೆ ಜಾಗ ಇರಲ್ಲ, ಎರಡನೇ ಗುಂಡು ಹೊಡೆಯೋ ಹೊತ್ತಿಗೆ ಹಿಡಿತ ಜರುಗಿರುತ್ತೆ. ಕೈ ನೋಯುತ್ತೆ ಅಂತ ಪ್ರಾಕ್ಟೀಸ್‌ಗೇ ಹೋಗದೆ ಡ್ರಾಯರಲ್ಲಿ ಬಿಟ್ಟಿರೋ ಎಷ್ಟೋ ಜನರನ್ನ ನೋಡಿದೀನಿ. ಚಿಕ್ಕ ಗನ್ ಬಚ್ಚಿಡೋಕೆ ಸುಲಭ, ಹೊಡೆಯೋಕೆ ಕಷ್ಟ.

ಮಧ್ಯದ ಸೈಜ್ ನೋಡಿ. 2018ರಲ್ಲಿ ಸಿಗ್ ಪಿ365 ಬಂದ್ಮೇಲೆ ಈ ಮಾರ್ಕೆಟ್ಟೇ ಬದಲಾಯ್ತು, ಅಷ್ಟು ಸಣ್ಣ 9 ಎಂಎಂ ಪಿಸ್ತೂಲಲ್ಲಿ ಮ್ಯಾಗಜೀನ್‌ಗೆ 10 ಗುಂಡು ಕೂರಿಸಿದ್ರು, ಖಾಲಿ ತೂಕ ಅರ್ಧ ಕೆಜಿ. ಅದರ ಹಿಂದೇನೇ ಗ್ಲಾಕ್ 43ಎಕ್ಸ್, ಸ್ಪ್ರಿಂಗ್‌ಫೀಲ್ಡ್ ಹೆಲ್‌ಕ್ಯಾಟ್, ಸ್ಮಿತ್ ಅಂಡ್ ವೆಸನ್ ಶೀಲ್ಡ್ ಪ್ಲಸ್ ಬಂದ್ವು. ಇವು ನಾಲ್ಕೂ ನಂಬಬಹುದಾದ್ವು, ಇದರಲ್ಲಿ ಯಾವುದು ಅನ್ನೋದನ್ನ ನಿಮ್ಮ ಕೈಯೇ ಹೇಳ್ಬೇಕು. ಗ್ಲಾಕ್ 19 ಹೊಡೆಯೋಕೆ ಇನ್ನೂ ಆರಾಮು, 15 ಗುಂಡು ಹಿಡಿಯುತ್ತೆ, ಆದ್ರೆ ದಪ್ಪ, ಚೂಡಿದಾರ್ ಒಳಗೆ ಎದ್ದು ಕಾಣುತ್ತೆ. ಸ್ಲೈಡ್ (ಗನ್ ಮೇಲೆ ಹಿಂದಕ್ಕೂ ಮುಂದಕ್ಕೂ ಜಾರೋ ಭಾಗ) ಎಳೆಯೋಕೆ ಬಲ ಸಾಲಲ್ಲ ಅಂದ್ರೆ ಶೀಲ್ಡ್ ಇಜಡ್ ಅಂತ ಇದೆ, ಅದರ ಸ್ಲೈಡ್ ಹಗುರ, ಮ್ಯಾಗಜೀನ್ ತುಂಬೋದೂ ಸುಲಭ, 8 ಗುಂಡು. ಹಂಗಂತ ಮೊದಲೇ ಬಲ ಇಲ್ಲ ಅಂದ್ಕೋಬೇಡಿ. ಎಡಗೈಲಿ ಸ್ಲೈಡನ್ನ ಮೇಲಿಂದ ಗಟ್ಟಿಯಾಗಿ ಹಿಡ್ಕೊಂಡು ಬಲಗೈಲಿ ಗನ್ನನ್ನೇ ಮುಂದಕ್ಕೆ ತಳ್ಳಿ, ನಳಿಗೆ ಮಾತ್ರ ಖಾಲಿ ದಿಕ್ಕಿಗೇ ಇರ್ಲಿ. ಇದನ್ನ ತೋರ್ಸಿಕೊಟ್ರೆ ಬಹಳಷ್ಟು ಹೆಂಗಸರು ಯಾವ ಸ್ಲೈಡ್ ಆದ್ರೂ ಎಳೀತಾರೆ.

ರಿವಾಲ್ವರ್ ತಗೊಳ್ಳಿ, ಜಾಮ್ ಆಗಲ್ಲ ಅಂತ ಯಾರಾದ್ರೂ ಹೇಳೇ ಹೇಳ್ತಾರೆ. ಸ್ಮಿತ್ 642 ಅಂತದ್ರಲ್ಲಿ 5 ಗುಂಡು, ಟ್ರಿಗರ್ ಎಳೆಯೋಕೆ ಐದು ಕೆಜಿಗಿಂತ ಹೆಚ್ಚು ಬಲ ಬೇಕು, ನಿಮ್ಮ ಬೆರಳಿಗೆ ಅದು ಕಷ್ಟ ಆಗುತ್ತೆ.

ಬಾಡಿಗೆ ಗನ್ ಕೊಡೋ ರೇಂಜ್ ಹ್ಯೂಸ್ಟನ್ ಸುತ್ತ ಬೇಕಾದಷ್ಟಿವೆ. ಮೂರ್ನಾಲ್ಕು ಗನ್ ಹೊಡೆದು ನೋಡಿ. ಹಿಡಿದಾಗ ಗನ್ನು ಮುಂಗೈ ಗೆರೆಗೆ ನೇರ ಇದೆಯಾ, ಹಿಡಿತ ಜರುಗಿಸದೆ ತೋರುಬೆರಳಿನ ತುದಿ ಟ್ರಿಗರ್ ಮೇಲೆ ಸರಿಯಾಗಿ ಕೂರುತ್ತಾ, ಬೇಗ ಬೇಗ ಐದು ಗುಂಡು ಹೊಡೆದ್ರೆ ಮುಂದಿನ ಸೈಟ್ (ಗುರಿ ನೋಡೋ ಮೊನೆ) ತಾನಾಗೇ ಗುರಿಗೆ ವಾಪಸ್ ಬರುತ್ತಾ, ಇಷ್ಟನ್ನ ಗಮನಿಸಿ. ಗನ್ ಅಂಗಡೀಲಿ ಕೈಯಲ್ಲಿ ಹಿಡ್ಕೊಂಡು ನೋಡೋದ್ರಿಂದ ಇದು ಯಾವುದೂ ಗೊತ್ತಾಗಲ್ಲ.

500 ಡಾಲರ್ ಪೂರ್ತಿ ಗನ್‌ಗೇ ಹಾಕ್ಬೇಡಿ. ಹೋಲ್‌ಸ್ಟರ್ (ಗನ್ ಮೈಮೇಲೆ ಇಟ್ಕೊಳ್ಳೋ ಕವರ್), ಲಾಕ್ ಬಾಕ್ಸ್, ಕ್ಲಾಸು, ಪ್ರಾಕ್ಟೀಸ್ ಗುಂಡು, ಎಲ್ಲಾ ಅದ್ರಲ್ಲೇ ಆಗ್ಬೇಕು ಅಂದ್ರೆ ಬಜೆಟ್ ಸ್ವಲ್ಪ ಏರಿಸಿ ಇಲ್ಲಾ ಸೆಕೆಂಡ್ ಹ್ಯಾಂಡ್ ನೋಡಿ.

ಧಾರವಾಡದಾಕಿ:
ಅಕ್ಕಾರ, ನಾ ಡಾಲಸ್ ಕಡೆ ಪ್ಲೇನೋದಾಗ ಇರ್ತೀನ್ರಿ, ದಿನಾ ಗನ್ ಮೈಮ್ಯಾಲ ಕ್ಯಾರಿ ಮಾಡ್ತೀನಿ, ಅದಕ ಗಂಡಸರು ಹೇಳಲಾರದ ಮಾತು ಒಂದೆರಡು ಹೇಳ್ತೀನಿ. ಮಂಡ್ಯದ ಅಣ್ಣಾವ್ರು ಹೇಳಿದ್ದು ಖರೇ ಐತಿ, ಆದ್ರ ಹೋಲ್‌ಸ್ಟರ್ ಬಗ್ಗೆ ಒಂದ ಮಾತಿನ್ಯಾಗ ಮುಗಿಸ್ಯಾರ, ನಮಗ ಅದ ದೊಡ್ಡ ಸಮಸ್ಯಾ. ಚೂಡಿದಾರಕ್ಕ ಬೆಲ್ಟ್ ಇರಂಗಿಲ್ಲ, ಲಾಡಿ ಗನ್ನಿನ ಭಾರ ತಡಿಯಂಗಿಲ್ಲ. ನಾ ಟಾಪ್ ಒಳಗ ಹೊಟ್ಟಿಗೆ ಗಟ್ಟಿ ಪಟ್ಟಿ ಕಟ್ಕೊಂಡು ಅದಕ್ಕ ಕೈಡೆಕ್ಸ್ (ಗಟ್ಟಿ ಪ್ಲಾಸ್ಟಿಕ್) ಹೋಲ್‌ಸ್ಟರ್ ಸಿಗಿಸ್ತೀನಿ. ಬರೇ ಬಟ್ಟಿ ಪಟ್ಟಿಯೊಳಗ ಗನ್ ತುರುಕೋದು ಬ್ಯಾಡ್ರಿ, ಬಟ್ಟಿ ಮ್ಯಾಲಿಂದನ ಟ್ರಿಗರ್ ಒತ್ತಿದ್ರೂ ಗುಂಡು ಹಾರತೈತಿ, ಗ್ಲಾಕಿಗಂತೂ ಬ್ಯಾರೆ ಸೇಫ್ಟಿ ಬಟನ್ನೂ ಇಲ್ಲ. ಟ್ರಿಗರ್ ಪೂರ್ತಿ ಮುಚ್ಚೋ ಗಟ್ಟಿ ಕವರ್ ಇರಬೇಕು. ವಾಪಸ್ ಹಾಕೋ ಮುಂದ ಗಡಿಬಿಡಿ ಬ್ಯಾಡ, ದುಪಟ್ಟಾ ತುದಿ, ಟಾಪಿನ ಅಂಚು ಒಳಗ ಸಿಕ್ಕೈತೇನು ಕಣ್ಣಿಲೆ ನೋಡಿ ಹಾಕ್ರಿ. ಅಂಗಡ್ಯಾಗ ದುಪಟ್ಟಾ ಹಾಕೋದ ಬಿಟ್ಟು ಕುರ್ತಾ ಮ್ಯಾಲ ಒಂದು ತೆಳು ಜಾಕೆಟ್ ಹಾಕ್ರಲ್ಲ, ಎಷ್ಟೋ ಆರಾಮ.

ಪರ್ಸಿನ್ಯಾಗ ಇಡೋ ವಿಚಾರ ಇದ್ರ ದಯಮಾಡಿ ಬಿಡ್ರಿ. 2014ರ ಡಿಸೆಂಬರ್‌ದಾಗ ಐಡಾಹೋ ರಾಜ್ಯದ ವಾಲ್‌ಮಾರ್ಟಿನ್ಯಾಗ ಎರಡು ವರ್ಷದ ಕೂಸು ತಾಯಿ ಪರ್ಸಿನ ಜಿಪ್ ತೆಗದು ಗನ್ ಹಿಡದು, ಗುಂಡು ಹಾರಿ ಆ ತಾಯಿ ಅಲ್ಲೇ ಹೋದ್ಲು. ಆ ಪರ್ಸು ಗನ್ ಇಡಾಕಂತನ ಮಾಡಿದ್ದು, ಗನ್ನಿಗೆ ಬ್ಯಾರೆ ಕಿಸೆನೂ ಇತ್ತು. ನಿಮ್ಮ ಹುಡುಗ್ರು ಚಾಕಲೇಟ್ ಹುಡುಕಾಕ ನಿಮ್ಮ ಪರ್ಸಿಗೆ ಕೈ ಹಾಕೋದಿಲ್ಲೇನ್ರಿ? ಕಳ್ಳ ಮೊದಲ ಕಸಗೊಳ್ಳೋದೂ ಪರ್ಸನ್ನ.

ಮನ್ಯಾಗ ಗನ್ ಮೈಮ್ಯಾಲ ಇರಬೇಕು, ಇಲ್ಲಾ ಲಾಕ್ ಬಾಕ್ಸಿನ್ಯಾಗ ಇರಬೇಕು. ಬೀರು ಮ್ಯಾಲ, ತಲೆದಿಂಬಿನ ಕೆಳಗ, ಅಕ್ಕಿ ಡಬ್ಬಿ ಹಿಂದ, ಇವು ಯಾವೂ ಜಾಗಾ ಅಲ್ಲ, ಆರು ವರ್ಷದ ಹುಡುಗ್ರಿಗೆ ಮನಿ ತುಂಬ ಯಾವ ಸಾಮಾನು ಎಲ್ಲೈತಿ ಅಂತ ನಮಗಿಂತ ಛಲೋ ಗೊತ್ತಿರತೈತಿ. ಟೆಕ್ಸಸ್ ಕಾನೂನಿನ್ಯಾಗೂ ಹದಿನೇಳರ ಒಳಗಿನ ಹುಡುಗ್ರ ಕೈಗೆ ಲೋಡ್ ಆದ ಗನ್ ಸಿಗೋ ಹಂಗ ಬಿಟ್ರ ಅಪರಾಧ ಐತಿ.

ಜರ್ಸಿ_ಕನ್ನಡಿಗ:
ಮಧ್ಯೆ ಬಂದಿದ್ದಕ್ಕೆ ಕ್ಷಮೆ ಇರ್ಲಿ. ನಾನು ಎಚ್1ಬಿ ಮೇಲಿದೀನಿ, ಮುಂದಿನ ತಿಂಗಳು ಡಾಲಸ್‌ಗೆ ಶಿಫ್ಟ್ ಆಗ್ತಿದೀನಿ. ಅಲ್ಲಿ ಲೈಸೆನ್ಸೇ ಬೇಡ, ಯಾರು ಬೇಕಾದ್ರೂ ತಗೋಬಹುದು ಅಂತ ಫ್ರೆಂಡ್ಸ್ ಹೇಳ್ತಾರೆ, ನಾನೂ ತಗೋಬಹುದಾ?

ಲೋನ್‌ಸ್ಟಾರ್_ಮಂಡ್ಯ:
ಬೇಡ ಕಣಪ್ಪ, ಫ್ರೆಂಡ್ಸ್ ಮಾತು ಕೇಳಿ ವೀಸಾ ಕಳ್ಕೋಬೇಡ. 2021ರ ಸೆಪ್ಟೆಂಬರ್ 1ರಿಂದ ಟೆಕ್ಸಸ್‌ನಲ್ಲಿ ಲೈಸೆನ್ಸ್ ಇಲ್ದೆ ಕ್ಯಾರಿ ಮಾಡಬಹುದು ನಿಜ, ಆದ್ರೆ ಅದು ಕಾನೂನು ಪ್ರಕಾರ ಗನ್ ಇಟ್ಕೊಳ್ಳೋಕೆ ಅರ್ಹತೆ ಇರೋರಿಗೆ ಮಾತ್ರ. ಎಚ್1ಬಿ, ಎಚ್4, ಎಫ್1, ವಿಸಿಟರ್ ವೀಸಾ, ಇವೆಲ್ಲ ನಾನ್ ಇಮಿಗ್ರಂಟ್. ಇವರು ಗನ್ ಆಗ್ಲಿ ಗುಂಡಾಗ್ಲಿ ಇಟ್ಕೊಳ್ಳೋದು ಫೆಡರಲ್ ಅಪರಾಧ. ಹಂಟಿಂಗ್ ಲೈಸೆನ್ಸ್ ಇದ್ರೆ ವಿನಾಯ್ತಿ ಅಂತ ಒಂದಿದೆ, ಅದನ್ನ ನಂಬ್ಕೊಂಡು ಗನ್ ಕೊಳ್ಳೋ ಮುಂಚೆ ಇಮಿಗ್ರೇಷನ್ ವಕೀಲರ ಹತ್ರ ಮಾತಾಡು. ಊರಿಂದ ಬಂದ ಅಪ್ಪ ಅಮ್ಮನ್ನ ರೇಂಜಿಗೆ ಕರ್ಕೊಂಡು ಹೋಗಿ ಕೈಗೆ ಗನ್ ಕೊಟ್ಟು ಫೋಟೋ ತೆಗೆಯೋರಿದಾರೆ, ಅದೂ ಇದೇ ಕಾನೂನಿಗೆ ಬರುತ್ತೆ.

ತಂಗಿ, ನಿಮಗೆ ಇನ್ನೊಂದು ಮಾತು. ಗ್ರೀನ್ ಕಾರ್ಡ್ ಇದ್ರೆ ಕೊಳ್ಳಬಹುದು, ಕ್ಯಾರೀನೂ ಮಾಡಬಹುದು, ಲೈಸೆನ್ಸ್ ಕಡ್ಡಾಯ ಅಲ್ಲ. ಆದ್ರೂ ಎಲ್‌ಟಿಸಿ, ಅಂದ್ರೆ ರಾಜ್ಯದ ಕ್ಯಾರಿ ಲೈಸೆನ್ಸ್, ಮಾಡಿಸ್ಕೊಳ್ಳಿ. ಟೆಸ್ಟ್‌ನಲ್ಲಿ 3, 7, 15 ಗಜ ದೂರದಿಂದ ಒಟ್ಟು 50 ಗುಂಡು, 250 ಅಂಕಕ್ಕೆ 175 ಬಂದ್ರೆ ಪಾಸ್. ಅದಕ್ಕಿಂತ ಮುಖ್ಯ ಅಂದ್ರೆ ಸ್ಕೂಲಿನ ಸುತ್ತ 1000 ಅಡಿ ಒಳಗೆ ಲೋಡ್ ಆದ ಗನ್ ತಗೊಂಡು ಹೋಗ್ಬಾರದು ಅಂತ ಫೆಡರಲ್ ಕಾನೂನಿದೆ, ರಾಜ್ಯದ ಲೈಸೆನ್ಸ್ ಇರೋರಿಗೆ ಅದರಲ್ಲಿ ವಿನಾಯ್ತಿ. ನೀವು ಮಕ್ಕಳನ್ನ ಬಿಡೋಕೆ ದಿನಾ ಸ್ಕೂಲ್ ಕಡೆ ಹೋಗೋರು. ಲೈಸೆನ್ಸ್ ಇದ್ರೂ ಸ್ಕೂಲ್ ಕಟ್ಟಡದೊಳಗೆ ಬೇಡ, ಕೆಂಪು 51% ಬೋರ್ಡ್ ಇರೋ ಬಾರ್ ಒಳಗೆ ಬೇಡ, ಬಾಗಿಲಲ್ಲಿ 30.06 ಅಂತ (ಗನ್ ಬಚ್ಚಿಟ್ಕೊಂಡು ಒಳಗೆ ಬರ್ಬೇಡಿ ಅನ್ನೋ) ಬೋರ್ಡ್ ಹಾಕಿರೋ ಕಡೆ ಬೇಡ. ದೇವಸ್ಥಾನದ ಬಾಗಿಲನ್ನೂ ಒಮ್ಮೆ ನೋಡಿ ಒಳಗೆ ಹೋಗಿ.

ಮಡಿಕೇರಿ_ಮಳೆ:
ಊರಿಂದ ಬರೀತಿದೀನಿ. ನಮ್ಮ ಕೊಡಗಲ್ಲಿ ಮನೇಲಿ ಕೋವಿ ಇರೋದು ಹೊಸದಲ್ಲ, ಕೊಡವರಿಗೂ ಜಮ್ಮಾ ಭೂಮಿ (ವಂಶಪಾರಂಪರ್ಯವಾಗಿ ಬಂದ ಜಮೀನು) ಇರೋರಿಗೂ ಲೈಸೆನ್ಸಿಂದ ಇರೋ ವಿನಾಯ್ತಿಯನ್ನ ಕೇಂದ್ರ ಸರ್ಕಾರ 2019ರಲ್ಲಿ ಮತ್ತೆ ಹತ್ತು ವರ್ಷ ಮುಂದುವರಿಸಿದೆ, 2021ರಲ್ಲಿ ಹೈಕೋರ್ಟೂ ಅದನ್ನ ಎತ್ತಿ ಹಿಡಿದಿದೆ. ಕೈಲ್ ಪೊಳ್ದ್ ಹಬ್ಬಕ್ಕೆ ಕೋವಿಗೆ ತೋಕ್ ಪೂ ಅನ್ನೋ ಹೂ ಇಟ್ಟು ಪೂಜೆ ಮಾಡ್ತೀವಿ. ರಾಜ್ಯದ ಬೇರೆ ಕಡೆ ಒಂದು ಪಿಸ್ತೂಲಿಗೆ ಲೈಸೆನ್ಸ್ ಬೇಕಂದ್ರೆ ಅರ್ಜಿ, ಪೊಲೀಸ್ ವೆರಿಫಿಕೇಶನ್, ತರಬೇತಿ ಸರ್ಟಿಫಿಕೇಟ್ ಎಲ್ಲಾ ಆಗ್ಬೇಕು, ಸಿಕ್ಕಿದ್ರೂ ಸಾಮಾನ್ಯವಾಗಿ .32, 9 ಎಂಎಂ ಇಲ್ಲಿ ಜನಸಾಮಾನ್ಯರಿಗೆ ಇಲ್ಲ.

ಮಕ್ಕಳ ವಿಷಯಕ್ಕೆ ನಮ್ಮನೆ ಪದ್ಧತಿ ಹೇಳ್ತೀನಿ. ಕೋವಿ ಯಾರ ಕೈಯಿಂದ ಯಾರ ಕೈಗೆ ಹೋದ್ರೂ ಮೊದಲು ತೆರೆದು ಖಾಲಿ ಇದೆ ಅಂತ ಕಣ್ಣಾರೆ ನೋಡ್ಬೇಕು, ಕೊಟ್ಟೋರು ಖಾಲಿ ಅಂತ ಹೇಳಿದ್ರೂ ತಗೊಂಡೋರು ಮತ್ತೆ ನೋಡ್ಬೇಕು. ಚಿಕ್ಕಂದಿನಲ್ಲಿ ಆಟದ ಕೋವಿ ಯಾರ ಕಡೆ ತಿರುಗಿಸಿದ್ರೂ ಅಜ್ಜ ಬಿಡ್ತಿರ್ಲಿಲ್ಲ. ನಿಮ್ಮ ಮಕ್ಕಳಿಗೂ ಈಗಲೇ ಹೇಳಿಕೊಡಿ: ಎಲ್ಲಾದ್ರೂ ಗನ್ ಕಂಡ್ರೆ ಮುಟ್ಬಾರ್ದು, ಅಲ್ಲಿಂದ ಎದ್ದು ಹೋಗಿ ದೊಡ್ಡೋರಿಗೆ ಹೇಳ್ಬೇಕು. ನೀವು ಲಾಕ್ ಮಾಡಿಟ್ರೂ ಅವರು ಆಡೋಕೆ ಹೋಗೋ ಫ್ರೆಂಡ್ ಮನೇಲಿ ಹೇಗೋ ಏನೋ.

ಕೇಟಿ_ಅಂಗಡಿ:
ಎಲ್ರಿಗೂ ತುಂಬಾ ಥ್ಯಾಂಕ್ಸ್. ಡ್ರಾಪ್ ಸೇಫ್ ಆರ್ಡರ್ ಮಾಡಿದ್ವಿ, ಓನರ್‌ಗೆ ಈಮೇಲೂ ಹೋಯ್ತು. ಶನಿವಾರ ರೇಂಜಿಗೆ ಹೋಗಿ ಬಾಡಿಗೆಗೆ ತಗೊಂಡು ಹೊಡೆದೆ, ಅಲ್ಲಿ ಹೇಳಿಕೊಡೋಕೆ ಒಬ್ರು ಲೇಡಿ ಇದ್ರು. ಎಲ್‌ಸಿಪಿಯಲ್ಲಿ ಒಂದು ಮ್ಯಾಗಜೀನ್ ಮುಗಿಯೋಷ್ಟ್ರಲ್ಲಿ ಹೆಬ್ಬೆರಳ ಬುಡ ಕೆಂಪಾಯ್ತು, ಗುಂಡು ಪೇಪರ್ ತುಂಬ ಚದುರಿತ್ತು. ಪಿ365 ಪರವಾಗಿಲ್ಲ, ಆದ್ರೆ ಕಿರುಬೆರಳು ಅಂಚಲ್ಲಿ ತೂಗಾಡ್ತಿತ್ತು. ಅದರದ್ದೇ ಸ್ವಲ್ಪ ಉದ್ದದ ಪಿ365 ಎಕ್ಸ್‌ಎಲ್ ಕೊಟ್ರು, 12 ಗುಂಡಿಂದು, ಅದರಲ್ಲಿ 7 ಗಜದಿಂದ ಎಲ್ಲಾ ಗುಂಡು ಒಂದು ತಟ್ಟೆಯಷ್ಟು ಜಾಗದಲ್ಲೇ ಬಿತ್ತು. ಮಂಡ್ಯ ಅಣ್ಣ ಹೇಳಿದ ಹಾಗೆ ಗನ್ನನ್ನೇ ಮುಂದಕ್ಕೆ ತಳ್ಳಿದ್ರೆ ಸ್ಲೈಡೂ ಬಂತು. ಅದನ್ನೇ ಸೆಕೆಂಡ್ ಹ್ಯಾಂಡ್ ನೋಡ್ತಿದೀನಿ, ಸೇಫ್ಟಿ ಬಟನ್ ಇರೋದು ತಗೊಳ್ಳೋದಾ ಇಲ್ದಿರೋದಾ? ಡಿಸೆಂಬರಲ್ಲಿ ಮೈಸೂರಿಗೆ ಬರ್ತೀವಿ, ಆಗ ಗನ್ ಮನೇಲೇ ಬಿಟ್ಟು ಬರಬಹುದಾ?

ಲೋನ್‌ಸ್ಟಾರ್_ಮಂಡ್ಯ:
ಒಳ್ಳೇ ಆಯ್ಕೆ. ಸೇಫ್ಟಿ ಬಟನ್ ಇದ್ರೆ ಮನಸ್ಸಿಗೆ ಧೈರ್ಯ ಅನ್ಸಿದ್ರೆ ಇರೋದೇ ತಗೊಳ್ಳಿ, ಆದ್ರೆ ಪ್ರತಿ ಸಲ ಗನ್ ತೆಗೆಯೋವಾಗ ಹೆಬ್ಬೆರಳು ಅದನ್ನ ಕೆಳಗೆ ಒತ್ತೋದು ಅಭ್ಯಾಸ ಆಗ್ಬೇಕು. ಗುಂಡುಗಳನ್ನ ಬೇರೆ ರೂಮಲ್ಲಿಟ್ಟು, ಚೇಂಬರ್ (ನಳಿಗೆಯ ಹಿಂಬದೀಲಿ ಗುಂಡು ಕೂರೋ ಜಾಗ) ಖಾಲಿ ಇದೆ ಅಂತ ಎರಡು ಸಲ ನೋಡಿ, ದಿನಾ ಸ್ವಲ್ಪ ಹೊತ್ತು ಈ ಅಭ್ಯಾಸ ಮಾಡಿ. ಪ್ರಾಕ್ಟೀಸ್‌ಗೆ ಸಾದಾ ಗುಂಡು ಸಾಕು, ಕ್ಯಾರಿಗೆ ಹಾಲೋ ಪಾಯಿಂಟ್ (ತುದೀಲಿ ಕುಳಿ ಇರೋ ಗುಂಡು), ಆ ಹಾಲೋ ಪಾಯಿಂಟೂ ನಿಮ್ಮ ಗನ್ನಲ್ಲಿ ಸಿಕ್ಕಾಕೊಳ್ಳದೆ ಓಡುತ್ತಾ ಅಂತ ಒಂದೆರಡು ಬಾಕ್ಸ್ ಹೊಡೆದು ನೋಡಿ.

ಮೈಸೂರಿಗೆ ಹೋಗೋವಾಗ ಗನ್ ಮನೇಲೇ, ನೆಲಕ್ಕೆ ಬೋಲ್ಟ್ ಮಾಡಿರೋ ಸೇಫಲ್ಲಿ ಇರ್ಲಿ. ರೇಂಜಿಗೆ ತಗೊಂಡು ಹೋಗೋ ಬ್ಯಾಗನ್ನ ಯಾವತ್ತೂ ಪ್ರಯಾಣಕ್ಕೆ ಬಳಸ್ಬೇಡಿ. ಮೂಲೇಲಿ ಒಂದೇ ಒಂದು ಗುಂಡು ಉಳಿದಿದ್ರೂ ಬೆಂಗಳೂರು ಏರ್‌ಪೋರ್ಟ್ ಸ್ಕ್ಯಾನರಲ್ಲಿ ಸಿಕ್ಕಿಬೀಳುತ್ತೆ, ಆರ್ಮ್ಸ್ ಆ್ಯಕ್ಟ್ ಕೇಸ್ ಆಗುತ್ತೆ, ಗೊತ್ತಿಲ್ದೆ ಆಯ್ತು ಅಂತ ಬಿಡಿಸ್ಕೊಳ್ಳೋಕೆ ಕೋರ್ಟಿಗೆ ಅಲೀಬೇಕು. ಜಾಕೆಟ್ ಜೇಬು, ಮಕ್ಕಳ ಬ್ಯಾಗು, ಕಾರಿಂದ ಎತ್ಕೊಳ್ಳೋ ಪರ್ಸು, ಎಲ್ಲಾ ತಲೆಕೆಳಗು ಮಾಡಿ ಕೊಡವಿ ಪ್ಯಾಕ್ ಮಾಡಿ.