ಬ್ರೋಶರ್‌ನಲ್ಲಿ ‘ಐಆರ್‌ಸಿ ಅಪ್ರೂವ್ಡ್’ ಅಂತ ಹಾಕಬಹುದಾ? ಸಹಾಯ ಬೇಕು
ನಮಸ್ಕಾರ ಎಲ್ಲರಿಗೂ. ಹುಬ್ಬಳ್ಳಿ ತಾರಿಹಾಳದಲ್ಲಿ ನಮ್ಮದೊಂದು ಸಣ್ಣ ವರ್ಕ್‌ಶಾಪ್ ಇದೆ, ರಸ್ತೆ ಬೋರ್ಡು, ಬ್ಯಾರಿಕೇಡ್ ಮಾಡುತ್ತೇವೆ. ಹೊಸ ಬ್ರೋಶರ್ ಡಿಸೈನ್ ಮಾಡಿದ ಹುಡುಗ ಸುಮ್ನೆ ದೊಡ್ಡದಾಗಿ ‘ಐಆರ್‌ಸಿ ಅಪ್ರೂವ್ಡ್’ ಅಂತ ಹಾಕಿಬಿಟ್ಟಿದ್ದಾನೆ. ಐಆರ್‌ಸಿ ಅಂದ್ರೆ ಇಂಡಿಯನ್ ರೋಡ್ಸ್ ಕಾಂಗ್ರೆಸ್, ರಸ್ತೆ ಕೆಲಸಕ್ಕೆ ಮಾನದಂಡ ಬರೆಯುವ ಸಂಸ್ಥೆ. ಅದರ ರಸ್ತೆ ಬೋರ್ಡಿನ ಮಾನದಂಡ ಐಆರ್‌ಸಿ 67ರಲ್ಲಿ ಇರೋದು ಬೋರ್ಡಿನ ಅಳತೆ, ಬಣ್ಣ, ಹೊಳೆಯುವ ಶೀಟಿನ ನಿಯಮ. ಅದನ್ನು ನೋಡಿಕೊಂಡೇ ಮಾಡುತ್ತೇವೆ, ಆದರೆ ನಮ್ಮ ಮಾಲನ್ನು ಯಾರೂ ಅಪ್ರೂವ್ ಮಾಡಿಲ್ಲವಲ್ಲ! 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ದಾರಿ ತಪ್ಪಿಸುವ ಜಾಹೀರಾತಿಗೆ 10 ಲಕ್ಷದವರೆಗೆ ದಂಡ ಹಾಕಬಹುದು, ಅಷ್ಟು ದುಡ್ಡು ನಮ್ಮ ಹತ್ತಿರ ಎಲ್ಲಿದೆ. ‘ಐಆರ್‌ಸಿ 67ರ ಪ್ರಕಾರ ತಯಾರಿಸಿದ್ದು’ ಅಂತ ಬರೆದು, ಶೀಟಿನ ಲ್ಯಾಬ್ ರಿಪೋರ್ಟ್ ಜೊತೆಗಿಟ್ಟರೆ ಸಾಕಾ? ಇನ್ನೊಂದು, ಗದಗಿನ ಸೀರೆ ಅಂಗಡಿಯವರು ಬ್ಯಾರಿಕೇಡ್ ಮೇಲೆ ತಮ್ಮ ಹೆಸರು ಬರೆಸಿಕೊಡಿ ಅಂತ ಜೀವ ತಿನ್ನುತ್ತಿದ್ದಾರೆ. ಇದಕ್ಕೆ ಯಾರ ಪರವಾನಗಿ ಬೇಕು, ಪಾಲಿಕೆಯದಾ, ಪೊಲೀಸರದಾ? ಟೆಂಡರ್ ಕೆಲಸ ಮಾಡಿದವರು ದಯವಿಟ್ಟು ಹೇಳಿ, ಸೋಮವಾರ ಪ್ರಿಂಟಿಗೆ ಕೊಡಬೇಕು.